ಕೊಯ್ದದ್ದಲ್ಲ, ಕೂಡದೆ ಉಳಿದದ್ದು

ಗೆಲ್ಲುವ ವಾದವೊಂದು ನಿಮ್ಮ ನಾಲಗೆಯ ತುದಿಯಲ್ಲಿದೆ. ಅದು ಸತ್ಯವೂ ಹೌದು. ಎದುರಿಗಿರುವವರ ಬಳಿ ಅದಕ್ಕೆ ಉತ್ತರವೂ ಇಲ್ಲ. ಹಾಗಿದ್ದೂ ಅದನ್ನು ನುಂಗಿಕೊಂಡು ಸುಮ್ಮನಿರಬಲ್ಲಿರಾ?

ನಾನು ಇರಲಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬುದ್ಧಿ ಬಲಿತವಳು ನಾನು. ಎದುರಾಳಿಯ ಮಾತಿನಲ್ಲಿ ಬಿರುಕು ಕಂಡರೆ ಕೈ ತಾನಾಗಿ ಮೈಕಿನತ್ತ ಹೋಗುತ್ತದೆ. ಆದರೆ ಹಾಗೆ ಸುಮ್ಮನಿರಬಲ್ಲ ಒಬ್ಬರು ಮುಂಬೈಯ ಚೆಂಬೂರಿನಲ್ಲಿದ್ದರು. ಕಳೆದ ತಿಂಗಳು ತೀರಿಕೊಂಡರು. ನಮ್ಮ ಕನ್ನಡ ಸಂಘದ ಸಭಾಗೃಹದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಮೂಢನಂಬಿಕೆಯ ವಿರುದ್ಧ ಖಡ್ಗ ಹಿಡಿದವರೆಂದೂ ವಿರೋಧಿಗಳ ಬಾಯಿ ಮುಚ್ಚಿಸಿದವರೆಂದೂ ಕೊಂಡಾಡಿದರು. ನಾನು ಬಲ್ಲಂತೆ ಅವರಿಗೆ ಖಡ್ಗ ಹಿಡಿಯಲು ಬರುತ್ತಿರಲಿಲ್ಲ. ಅವರು ಬಾಯಿ ಮುಚ್ಚಿಸಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ. ಆ ಬಾಯಿ ನನ್ನದು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಹೆಸರಿಗೆ ಹಾರ ಹಾಕುವುದು ಅವರಿಗೆ ಸೇರುತ್ತಿರಲಿಲ್ಲ.

ಹುಟ್ಟಿದ್ದು ಧಾರವಾಡದಲ್ಲಿ, ಕಲಿಸಿದ್ದು ದಾದರ್ ಸಮೀಪದ ಕಾಲೇಜೊಂದರಲ್ಲಿ, ಪ್ರಾಣಿಶಾಸ್ತ್ರ, ಅದರೊಳಗೂ ಅವರ ಜೀವವಿದ್ದದ್ದು ಭ್ರೂಣಶಾಸ್ತ್ರದಲ್ಲಿ. ಸೆರಗನ್ನು ಸೊಂಟಕ್ಕೆ ಬಿಗಿದು, ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಸೀಮೆಸುಣ್ಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ತರಗತಿಗೆ ಬರುತ್ತಿದ್ದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಹತ್ತಿಯ ಹಾಸಿಗೆಯ ಮೇಲೆ ಕಾವಿಗಿಟ್ಟಿದ್ದ ಮೊಟ್ಟೆಗಳು. ಚೆಂಬೂರಿನಿಂದ ಲೋಕಲ್‌ನ ನೂಕುನುಗ್ಗಲಿನಲ್ಲಿ ಆ ಡಬ್ಬಿಯನ್ನು ಎದೆಗವುಚಿಕೊಂಡು ತರುತ್ತಿದ್ದರು. ಲೇಡೀಸ್ ಡಬ್ಬದ ಗೆಳತಿಯರು "ಡಬ್ಬೇ ಮೇ ಕ್ಯಾ ಲಾಯೀ ಆಜ್?" ಎಂದು ಕೇಳಿದರೆ, "ಪಹಿಲೀ ಬೆಂಚ್ ಕೇ ಸ್ಟೂಡೆಂಟ್ಸ್" ಎನ್ನುವರು.

ಅವರಿದ್ದ ಹೌಸಿಂಗ್ ಸೊಸೈಟಿಯಲ್ಲಿ ಮೊಟ್ಟೆಗೆ ಪ್ರವೇಶವಿರಲಿಲ್ಲ. ಒಮ್ಮೆ ಸೆಕ್ರೆಟರಿ ಲಿಫ್ಟಿನ ಬಾಗಿಲಲ್ಲೇ ಅಡ್ಡಗಟ್ಟಿದ: "ಮೇಡಂ, ಯೇ ಪ್ಯೂರ್ ವೆಜ್ ಬಿಲ್ಡಿಂಗ್ ಹೈ."

"ಮೈಂ ಖಾತೀ ನಹೀಂ ಭಾಯಿ, ಪಢಾತೀ ಹೂಂ," ಎಂದರಂತೆ ಇವರು, ತಿನ್ನುವುದಿಲ್ಲ, ಕಲಿಸುತ್ತೇನೆ ಎಂದು. "ಆಪ್ ಭೀ ಆಯಿಯೇ, ಏಕ್ ಕ್ಲಾಸ್ ಬೈಠಿಯೇ." ಆತ ಬಂದು ಕೂತನೋ ಇಲ್ಲವೋ ತಿಳಿಯದು, ಮತ್ತೆ ತಡೆಯಲಂತೂ ಇಲ್ಲ.

ತರಗತಿಯಲ್ಲಿ ಅವರು ಮೊಟ್ಟೆಯ ಚಿಪ್ಪಿನ ಮೇಲೆ ಸಣ್ಣದೊಂದು ಕಿಟಕಿ ಕೊರೆಯುವರು. ನಾವು ಸುತ್ತ ನೆರೆದು ಬಗ್ಗಿ ನೋಡಿದರೆ, ಹಳದಿಯ ಮೇಲೆ ಕೆಂಪು ನೂಲಿನ ಬಲೆ. ಬಲೆಯ ನಡುವೆ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ, ಮಿಡಿಯುತ್ತ. ಯಾರೋ ಕಿಸಕ್ಕನೆ ನಗುವರು, ಯಾರೋ ಅಯ್ಯೋ ಎನ್ನುವರು. ಅವರು ತಲೆ ಎತ್ತದೆ ಹೇಳುವರು: "ಮಾತಾಡಬ್ಯಾಡ್ರಿ. ಅದು ಕೆಲಸದಾಗ ಅದ."

ಗರ್ಭವೆಂದರೆ ಅವರಿಗೆ ಕೆಲಸದ ಜಾಗ. ಹುಡುಗಿಯೊಬ್ಬಳು ಉತ್ತರಪತ್ರಿಕೆಯಲ್ಲಿ ಸೃಷ್ಟಿಯ ಪವಾಡ ಎಂದು ಬರೆದಾಗ ಆ ಶಬ್ದಕ್ಕೆ ಕೆಂಪು ಗೆರೆ ಎಳೆದಿದ್ದರು. "ಪವಾಡ ಅಂದಕೂಡಲೇ ನೀವು ಕೈಮುಗದು ಕಣ್ಣು ಮುಚ್ಚತೀರಿ. ಕಣ್ಣು ತಗದು ನೋಡ್ರಿ, ಯಾವುದು ಎಲ್ಲಿಂದ ಎಲ್ಲಿಗೆ ಹೊಂಟದ ಅಂತ." ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ, ಹಿಪ್ಪುನೇರಳೆ ಹಣ್ಣಿನಂಥ ಮುದ್ದೆಯಾಗಿ ಗರ್ಭಕೋಶದ ಗೋಡೆಯನ್ನು ಹಿಡಿಯುವವರೆಗಿನ ಕಥೆಯನ್ನು ಹಲಗೆಯ ಮೇಲೆ ಚಕಚಕನೆ ಬಿಡಿಸುವರು. ಮುಂದಿನದಕ್ಕೆ ಹಲಗೆ ಸಾಲದು. ಸೊಂಟದಿಂದ ಸೆರಗನ್ನು ಬಿಚ್ಚಿ ಮೇಜಿನ ಮೇಲೆ ಹರಡಿ, ಅದರ ಎರಡು ಅಂಚುಗಳನ್ನು ಎತ್ತಿ ನಡುವೆ ತಾಗಿಸುವರು. "ಇದು ನಿಮ್ಮ ಬೆನ್ನುಹುರಿ ಆಗೂದು. ಮೊದಲ ಹಾಳಿ, ಆಮ್ಯಾಲೆ ತಗ್ಗು, ಆಮ್ಯಾಲೆ ನಳಿಗಿ. ತಾಯಿ ಆಗಾಕಿ ಅಲ್ಲೆ, ಈ ಸಲ ಯಾಕೋ ತಡಾ ಆತು ಅಂತ ಬಟ್ಟು ಮಡಚಿ ಎಣಸತಿರತಾಳ. ಇಲ್ಲೆ ಈ ಕೆಲಸಾ ಮುಗಿಲಿಕ್ಕೆ ಬಂದಿರತದ."

ಇನ್ನೊಂದು ಮಾತನ್ನು ಪ್ರತಿವರ್ಷವೂ ಹೇಳುತ್ತಿದ್ದರೆಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಿದ್ದರು: "ಕೈ ಆಗೂದು ಬಿಡಿಸಿಕೊಂಡು, ಮುಖಾ ಆಗೂದು ಕೂಡಿಕೊಂಡು." ಮೊದಲು ಕೈ ಎಂಬುದು ದೋಣಿಯ ಹುಟ್ಟಿನಂಥ ಚಪ್ಪಟೆ ಮೊಗ್ಗು, ನಡುನಡುವಿನ ಜೀವಕೋಶಗಳು ತಾವಾಗಿ ಅಳಿದು ಜಾಗ ಬಿಟ್ಟಾಗ ಅದು ಐದು ಬೆರಳಾಗುತ್ತದೆ. ಮುಖದ್ದು ಇದಕ್ಕೆ ತಿರುವುಮುರುವು. ಬೇರೆ ಬೇರೆ ಉಬ್ಬುಗಳು ಬೇರೆ ಬೇರೆ ದಿಕ್ಕಿನಿಂದ ನಡೆದು ಬಂದು ಒಂದನ್ನೊಂದು ಮುಟ್ಟಿ ಬೆಸೆದುಕೊಂಡರೆ ಮಾತ್ರ ಮುಖ. ಪರೀಕ್ಷೆಗೆ ಬರುತ್ತದೆಂದು ನಾವು ಅದನ್ನು ಗಿಣಿಪಾಠ ಮಾಡಿದ್ದೆವು.

ಮೃದು ಸ್ವಭಾವದವರೆಂದು ಯಾರೂ ತಿಳಿಯಬಾರದು. ಹೊಗಳಿಕೆ ಅವರ ಬಾಯಿಂದ ಬರುತ್ತಿರಲಿಲ್ಲ. ಅಂತರ-ಕಾಲೇಜು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪನ್ನು ತೋರಿಸಲು ಸ್ಟಾಫ್‌ರೂಮಿಗೆ ಹೋದಾಗ ಅದನ್ನು ತಿರುವಿ ನೋಡಿ, "ಚಲೋ ಅದ. ಎದುರಿಗಿದ್ದ ಹುಡುಗಿ ಮನಿಗೆ ಹೆಂಗ ಹೋದಳು, ನೋಡಿದೇನು?" ಎಂದು ಕೇಳಿದ್ದರು. ಸ್ವತಃ ಮಕ್ಕಳಿಲ್ಲದವರು ಬಸಿರಿನ ಬಗ್ಗೆ ಇಷ್ಟು ಮಾತಾಡುವುದೇ ಎಂದು ಕಾಲನಿಯ ಹೆಂಗಸರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಒಬ್ಬಾಕೆ ಮುಂದಿನಿಂದಲೇ ಅಂದಳು. "ಹೌದವಾ," ಎಂದರು ಇವರು, "ಚಂದ್ರನ ಬಗ್ಗೆ ಕಲಸಾವರೆಲ್ಲ ಅಲ್ಲೆ ಹೋಗಿ ಮನಿ ಕಟ್ಟಿ ಬಂದಾರೇನು?"

ಈಗ ಆ ದಿನಕ್ಕೆ ಬರುತ್ತೇನೆ.

ಅವರು ನಿವೃತ್ತರಾಗಿದ್ದರು. ನಾನು ಸಂಘದಲ್ಲಿ ಭಾನುವಾರದ ಕನ್ನಡ ಓದು-ಬರಹದ ತರಗತಿ ನಡೆಸುತ್ತಿದ್ದೆ, ಈಗಲೂ ನಡೆಸುತ್ತೇನೆ. ಅಲ್ಲಿಗೆ ಬರುತ್ತಿದ್ದ ರೇಣುಕಾ ಎಂಬ ಹುಡುಗಿ ವಿಜಯಪುರದ ಕಡೆಯವಳು. ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಸೆಂಟರೊಂದರಲ್ಲಿ ತರಕಾರಿ ಹೆಚ್ಚುವ ಕೆಲಸ. ಚೊಚ್ಚಲ ಹೆರಿಗೆಗೆಂದು ತರಗತಿ ಬಿಟ್ಟಿದ್ದಳು. ಒಂದು ಬೆಳಿಗ್ಗೆ ಫೋನಿನಲ್ಲಿ ಅವಳ ದನಿಸಂದೇಶ ಬಂತು. ಅಳು ನುಂಗಿದ ಪಿಸುಮಾತು: "ಅಕ್ಕಾ, ಕೂಸಿನ ತುಟಿ ಸೀಳೇತಿ. ಹಾಲು ಹಿಡೀವಲ್ದು. ದವಾಖಾನ್ಯಾಗ ಮತ್ತ ಬರ್ರಿ ಅಂದಿದ್ರು, ಅತ್ತಿ ಒಯ್ಯಗೊಡವಲ್ಲರು. ಇವತ್ತ ಸಂಜಿ ಗಾಡಿಗೆ ಊರಿಗೆ ಒಯ್ಯಾಕತ್ತಾರ, ದೇವರಿಗೆ. ಅಲ್ಲೀತನಕ ಇದು ಉಳಿಯೂದಿಲ್ಲಕ್ಕ."

ನಾನು ಮೊದಲು ಫೋನ್ ಮಾಡಿದ್ದು ಅವರಿಗೆ. ಆಟೋದಲ್ಲಿ ನನ್ನ ಪಕ್ಕ ಕೂತವರು ಒಂದೇ ಪ್ರಶ್ನೆ ಕೇಳಿದರು: "ದೇವರಿಗೆ ಯಾಕ?"

"ಗ್ರಹಣ," ಎಂದೆ. ರೇಣುಕಾ ಬಸಿರಿಯಾಗಿದ್ದಾಗ ಗ್ರಹಣವೊಂದು ಬಂದಿತ್ತು. ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಏನನ್ನಾದರೂ ಕೊಯ್ದರೆ ಹೊಟ್ಟೆಯೊಳಗಿನ ಕೂಸಿನ ತುಟಿ ಸೀಳುತ್ತದೆಂದು ಅವರ ಮನೆಯ ನಂಬಿಕೆ. ರೇಣುಕಾ ಅಂದು ಕೆಲಸಕ್ಕೆ ಹೋಗಿದ್ದಳು, ಸಂದೇಶದ ಕೊನೆಗೆ ಅದನ್ನೂ ಹೇಳಿದ್ದಳು. "ಆದರೆ ಮೇಡಂ, ಆಗ ಅವಳಿಗೆ ಐದು ತಿಂಗಳು. ತುಟಿ ಕೂಡುವುದು ಎರಡನೆಯ ತಿಂಗಳಲ್ಲಿ. ಗ್ರಹಣ ಬರುವ ಹೊತ್ತಿಗೆ ಆಗಬೇಕಾದದ್ದು ಯಾವತ್ತೋ ಆಗಿಹೋಗಿತ್ತು. ಇದಕ್ಕೆ ಅವರ ಬಳಿ ಉತ್ತರವೇ ಇಲ್ಲ!"

ಅವರು "ಹ್ಞೂಂ" ಎಂದರು. ಆ ಹ್ಞೂಂಕಾರದಲ್ಲಿ ಒಪ್ಪಿಗೆಯಿತ್ತು. ಅವರೂ ಅದೇ ವಾದವನ್ನು ಹಿಡಿದು ಹೊರಟಿದ್ದರೆಂದು ಆಮೇಲೆ ಅವರೇ ನನಗೆ ಹೇಳಿದರು.

ರಿಫೈನರಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಒಂದು ಚಾಳು. ಖೋಲಿಯ ನಡುವೆ ಹಗ್ಗ ಬಿಗಿದ ಟ್ರಂಕು. ಅದರ ಮೇಲೆ ರೇಣುಕಾಳ ಗಂಡ ಬಸವರಾಜ, ತಲೆ ತಗ್ಗಿಸಿ. ಮೂಲೆಯಲ್ಲಿ ರೇಣುಕಾ, ಮಡಿಲಲ್ಲಿ ಹೆಣ್ಣುಕೂಸು. ಅಳುವುದಕ್ಕೂ ತ್ರಾಣವಿಲ್ಲದ ಕೂಸು. ಬಾಯಿ ತೆರೆದುಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು, ದನಿ ಮಾತ್ರ ಇರಲಿಲ್ಲ. ಮೇಲ್ತುಟಿಯ ಎಡಭಾಗ ಮೂಗಿನವರೆಗೂ ತೆರೆದಿತ್ತು. ಅತ್ತೆ ಗಂಗವ್ವ ಬಾಗಿಲಿಗೇ ಬಂದರು.

"ಬರ್ರಿ ಅಕ್ಕಾರ. ಚಾ ಕುಡದು ಹೋಗ್ರಿ. ಉಪದೇಶ ಮಾಡಾಕ ಬಂದಿದ್ರ ಬ್ಯಾಡ, ದಾದರಕ್ಕ ಹೋಗಬೇಕು, ಹೊತ್ತಾಗ್ತೈತಿ."

"ಚಾ ಕುಡೀತೇವಿ," ಎಂದು ಮೇಡಂ ನೆಲದ ಮೇಲೆ ಕೂತೇಬಿಟ್ಟರು.

ಚಹಾ ತಂದವಳು ಕಿರಿಯ ಸೊಸೆ ಸುವರ್ಣಾ, ಬಸವರಾಜನ ತಮ್ಮನ ಹೆಂಡತಿ. ಸೆರಗನ್ನು ಮೂಗಿಗೆ ಒತ್ತಿಹಿಡಿದು ಲೋಟಗಳನ್ನಿಟ್ಟು, ಕೂಸಿನತ್ತ ನೋಡದೆ ಹಿಂದೆ ಸರಿದು ಅಡುಗೆಕಟ್ಟೆಯ ಪಕ್ಕ ಗೋಡೆಗಾತು ನಿಂತಳು. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವಾರದ ಒಂದು ದಿನಕ್ಕೆ ಯಾರೋ ಕುಂಕುಮದಿಂದ ಗುರುತು ಹಾಕಿದ್ದರು. ಅವಳ ಕಣ್ಣು ಅಲ್ಲಿತ್ತು. ನಾನು ಅದನ್ನು ಕಂಡೆ. ಅದರ ಅರ್ಥವೇನೆಂದು ಯೋಚಿಸಲಿಲ್ಲ. ನನ್ನ ತಲೆಯ ತುಂಬ ವಾದವಿತ್ತು.

"ಬಸವರಾಜ, ದವಾಖಾನೆಗೆ ಯಾಕೆ ಒಯ್ಯಲಿಲ್ಲ?" ಎಂದು ಕೇಳಿದೆ.

"ಕ್ಯಾ ಕರೂಂ ಮೇಡಂ," ಎಂದ ತಲೆ ಎತ್ತದೆ. "ಅವ್ವ ಅಂತಾಳ, ಮೊದಲ ದೇವರು, ಆಮ್ಯಾಲೆ ಡಾಕ್ಟರ್. ಟಿಕೀಟ್ ಆಗೇತಿ. ತತ್ಕಾಲ್‌ದಾಗ ತಗದೀನಿ."

ಗಂಗವ್ವನ ದನಿ ಏರಿತು. "ಡಾಕ್ಟರ್ ಏನ್ ಮಾಡ್ತಾನ? ಮಾಡಾಕಿ ಮಾಡಿ ಕುಂತಾಳ! ಗ್ರಹಣದ ದಿನಾ ಹೋಗಬ್ಯಾಡ್ ಅಂತ ಕೈ ಹಿಡದು ಹೇಳೀನಿ. ಹೋಗಿ ಬುಟ್ಟಿಗಟ್ಲೆ ಗವಾರಕಾಯಿ ಕೊಯ್ದು ಬಂದಾಳ. ಅಕಿ ಅಲ್ಲಿ ಕೊಯ್ದಳು, ಇಲ್ಲಿ ಕೂಸಿನ ತುಟಿ ಕೊಯ್ತು. ನೋಡ್ರಿ, ಚಾಕುಲೆ ಹೊಡದಂಗ ಐತಿಲ್ಲ?"

"ರಜಾ ಕೇಳಿದೆ, ಸುಟ್ಟಿ ಕೊಡಲಿಲ್ಲ ಅತ್ತಿ," ಎಂದಳು ರೇಣುಕಾ, ಕೇಳಿಸಿಯೂ ಕೇಳಿಸದಂತೆ.

"ಸುಟ್ಟಿ ಕೊಡಲಿಲ್ಲಂತ. ದೇವರೂ ಸುಟ್ಟಿ ಕೊಡಲಿಲ್ಲ, ತಗೋ!"

ನನ್ನ ಗಳಿಗೆ ಬಂದಿತ್ತು. ಮುಂದಕ್ಕೆ ಬಾಗಿ, "ಗಂಗವ್ವಾ, ಗ್ರಹಣವಾದಾಗ ಇವಳಿಗೆ ಎಷ್ಟು ತಿಂಗಳು?" ಎಂದು ಕೇಳಿದೆ.

"ಐದು. ಯಾಕ?"

"ಹಾಗಾದರೆ ಕೇಳಿ. ಕೂಸಿನ ತುಟಿ..."

ಮಣಿಕಟ್ಟಿನ ಮೇಲೆ ಒಂದು ಕೈ ಬಂದು ಬಿಗಿಯಿತು. "ಸುಮ್ಮನಿರು," ಎಂದರು ಅವರು. ಇಡೀ ತರಗತಿಯನ್ನು ಅಡಗಿಸುವ ಹಳೆಯ ದನಿ. ಸಂಜೆಯ ಗಾಡಿಗೆ ಉಳಿದಿದ್ದದ್ದು ಕೆಲವೇ ತಾಸು. ಕೂಸು ಆಗಲೇ ಬಾಡುತ್ತಿದೆ. ಅವರನ್ನು ನಿಲ್ಲಿಸಬಲ್ಲ ಒಂದೇ ಮಾತು ನನ್ನ ಬಾಯಲ್ಲಿದೆ. ಅದನ್ನು ತಡೆಯುತ್ತಿರುವವರು ಅದನ್ನು ನನಗೆ ಕಲಿಸಿದವರೇ. ಸಿಟ್ಟಿನಿಂದ ಕಿವಿ ಬಿಸಿಯಾಯಿತು.

ಅವರು ಗಂಗವ್ವನ ಕಡೆ ತಿರುಗಿದರು. "ನಿಮ್ಮ ಮೂಗಿನ ಕೆಳಗ ಬಟ್ಟಿಡ್ರಿ ಸ್ವಲ್ಪ."

"ಯಾಕ್ರಿ?"

"ಇಡ್ರೆಲಾ. ಏನ್ ಹತ್ತತದ ಕೈಗೆ?"

ಗಂಗವ್ವ ಅನುಮಾನದಿಂದ ತೋರುಬೆರಳನ್ನು ಮೇಲ್ತುಟಿಗೆ ಒಯ್ದರು. "ಏನೈತಿ? ತಗ್ಗೈತಿ."

"ತಗ್ಗಿನ ಎರಡೂ ಮಗ್ಗಲಿಗೆ?"

"ಬದು ಇದ್ದಂಗ ಐತಿ. ಹೊಲದ ಬದು."

"ಬದು ಎಲ್ಲಿ ಬರತದ?"

"ಎರಡು ಹೊಲಾ ಕೂಡಿದಲ್ಲಿ. ಇದೇನ್ ಕೇಳೂ ಮಾತ್ರಿ?"

"ಅದನ್ನೇ ಹೇಳಲಿಕ್ಕೆ ಬಂದೇನಿ," ಎಂದರು ಮೇಡಂ. "ಹೊಟ್ಯಾಗ ನಮ್ಮ ಮುಖಾ ಒಂದ ತುಂಡು ಇರೂದಿಲ್ಲವಾ. ಹಣಿ ಕಡಿಂದ ಒಂದು ಇಳದು ಬರತದ. ಈ ಗಲ್ಲದ ಕಡಿಂದ ಒಂದು, ಆ ಗಲ್ಲದ ಕಡಿಂದ ಒಂದು. ಮೂರೂ ಇಲ್ಲೆ ಬಂದು ಕೂಡತಾವ. ಕೂಡಿದಲ್ಲಿ ಈ ಬದು. ನಿಮಗೂ ಅದ, ನನಗೂ ಅದ. ತುಟಿ ಬಿಟ್ಟಿರಲಾರದ ಮನಷ್ಯಾ ಹೊಟ್ಯಾಗ ಒಬ್ಬರೂ ಇಲ್ಲ. ಎಲ್ಲಾರದೂ ಹಿಂಗ ಇತ್ತು. ನಮ್ಮದು ಕೂಡಿತು. ಈ ಕೂಸಿಂದು ಒಂದ ಕಡೆ ಕೂಡೂದು ಉಳೀತು. ಇದು ಕೊಯ್ದದ್ದಲ್ಲ, ಕೂಡದ ಉಳದದ್ದು. ಇಡೀ ಇದ್ದದ್ದನ್ನ ಚಾಕು ಕೊಯ್ಯತದ. ಇನ್ನೂ ಇಡೀ ಆಗಲಾರದ್ದನ್ನ ಯಾವ ಚಾಕು ಕೊಯ್ಯಬೇಕು?"

ಖೋಲಿಯಲ್ಲಿದ್ದ ಎಲ್ಲರ ಬೆರಳೂ ಮೇಲ್ತುಟಿಯ ಮೇಲಿತ್ತು. ಬಸವರಾಜ ಮೀಸೆಯ ನಡುವೆ ತಡವಿಕೊಳ್ಳುತ್ತಿದ್ದ. ಗೋಡೆಗಾತ ಸುವರ್ಣಾ ಸೆರಗು ಸರಿಸಿ ಮುಟ್ಟಿಕೊಂಡಳು. ರೇಣುಕಾ ಮಾತ್ರ ತನ್ನದನ್ನಲ್ಲ, ಕೂಸಿನದನ್ನು ಮುಟ್ಟಿದಳು.

"ಯಾಕ ಕೂಡಲಿಲ್ಲ?" ಎಂದರು ಗಂಗವ್ವ.

"ನನಗ ಗೊತ್ತಿಲ್ಲ."

ವೇದಿಕೆಯ ಮೇಲೆ ಗೊತ್ತಿಲ್ಲ ಎಂದವರು ಮೈಕನ್ನು ತಾವೇ ಎದುರಾಳಿಯ ಕೈಗೆ ಕೊಟ್ಟಂತೆ. ಗಂಗವ್ವ ಅದನ್ನು ಹಿಡಿದೇಬಿಟ್ಟರು: "ಗೊತ್ತಿಲ್ಲಂತೀರಿ! ಮತ್ತ ಇಕಿ ಕೈಲೆ ಆಗಿಲ್ಲಂತ ಹೆಂಗ ಹೇಳ್ತೀರಿ?"

"ಮನಿತನದಾಗ ಇದ್ದರ ಬರತದ, ಕೆಲವು ಗುಳಿಗಿ, ತಂಬಾಕು, ರಕ್ತದಾಗಿನ ಕೊರತಿ... ಭಾಳ ಸಲ ಯಾವುದಂತ ಡಾಕ್ಟರಿಗೂ ತಿಳಿಯೂದಿಲ್ಲ. ಗಂಗವ್ವಾ, ಚಾಳಿನ್ಯಾಗ ಕಳುವಾತು ಅನ್ರಿ. ಕಳ್ಳ ಸಿಗಲಿಲ್ಲ. ಸಿಗಲಿಲ್ಲಂತ ಬಾಗಲದಾಗ ಕುಂತು ಕಾಯಿಪಲ್ಯಾ ಹೆಚ್ಚಾಕಿನ್ನ ಹಿಡದು ಕಟ್ಟತೀರೇನು?" ಅವರ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಮನಿತನದ ಮಾತು ಬಂತಂತ ಕೇಳತೇನಿ. ನಿಮ್ಮಲ್ಲಿ ಹಿಂದ ಯಾರಿಗರ ಹಿಂಗ ಇತ್ತೇನು?"

ಹೊರಗೆ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಗಂಗವ್ವನ ಬೆರಳು ತುಟಿಯ ಮೇಲಿಂದ ಇಳಿದಿರಲಿಲ್ಲ.

"ನನ್ನ ಚ್ವಚ್ಚಲ ಕೂಸಿಗೆ," ಎಂದರು.

ಬಸವರಾಜ ಟ್ರಂಕಿನಿಂದ ಅರ್ಧ ಎದ್ದ. "ಅವ್ವಾ? ಚ್ವಚ್ಚಲ ನಾನಲ್ಲೇನ?"

"ನಿನ್ನಕಿಂತ ಮೊದಲ. ಗಂಡಿತ್ತು." ಅವರು ಮಗನ ಕಡೆ ನೋಡಲಿಲ್ಲ. "ಗ್ರಹಣದಾಗ ನೀ ದಂಟು ಮುರದು ಪಲ್ಯಾ ಸೋಸಿದಿ ಅಂತ ನನ್ನ ಅತ್ತಿ, ನಿಮ್ಮ ಅಮ್ಮ, ಅಂದಳು. ಸೋಸಿದ್ದು ನನಗ ನೆನಪಿಲ್ಲ. ಎಲ್ಲಾರೂ ಅಂದ್ರು. ಸೋಸಿರಬೇಕು." ಬೆರಳನ್ನು ಸೆರಗಿಗೆ ಒರೆಸಿಕೊಂಡು ಸೇರಿಸಿದರು: "ಅದೂ ಹಾಲು ಹಿಡೀಲಿಲ್ಲ."

ಮನಸ್ಸಿನಲ್ಲೇ ನಾನು ಹತ್ತು ವಾಕ್ಯಗಳನ್ನು ಕಟ್ಟಿ ಕೆಡವಿದೆ. ಆ ಕೂಸು ಸತ್ತದ್ದು ತುಟಿಯಿಂದಲ್ಲ, ಹಸಿವಿನಿಂದ ಎಂಬುದು ಅವುಗಳಲ್ಲಿ ಒಂದು. ಅದೂ ಬಹುಮಟ್ಟಿಗೆ ನಿಜವೇ. ನನ್ನ ಮಣಿಕಟ್ಟಿನ ಮೇಲಿನ ಕೈ ಇನ್ನೂ ಅಲ್ಲೇ ಇತ್ತು.

ಕೊನೆಗೆ ಅವರು ಕೇಳಿದ್ದು ಇಷ್ಟೇ: "ನಿಮ್ಮ ಹಂತೇಕ ಒಳ್ಳಿ ಅದ ಏನು?"

ಎಳೆಗೂಸಿಗೆ ಹಾಲು ಹಾಕುವ, ಸೊಂಡಿಲಿನಂಥ ಮೂತಿಯ ಹಿತ್ತಾಳೆಯ ಒಳಲೆಯನ್ನು ಆ ಕಡೆ ಹಾಗೆನ್ನುತ್ತಾರೆ. ಗಂಗವ್ವ ಕಣ್ಣಿನಿಂದಲೇ ತೋರಿಸಿದರು. "ಟ್ರಂಕಿನ್ಯಾಗ ಐತಿ. ಕಟ್ಟೀನಿ."

ಬಸವರಾಜ ತಾಯಿಯನ್ನು ನೋಡಿದ. ತಾಯಿ ಅವನನ್ನು ಗದರಿದರು: "ಏನ್ ನೋಡ್ತೀಯೋ ಹುಚ್ಚಪ್ಯಾಲಿ? ಏಳು. ಹಗ್ಗಾ ಬಿಚ್ಚು."

ಒಳಲೆ ಕುದಿಯುವ ನೀರಿನಲ್ಲಿ ಮಿಂದು ಬಂತು. ರೇಣುಕಾ ಪರದೆಯ ಹಿಂದೆ ಹೋಗಿ ಬಟ್ಟಲಿಗೆ ಹಾಲು ಹಿಂಡಿ ತಂದಳು. ಮೇಡಂ ಹೇಳಿದಂತೆ ಗಂಗವ್ವ ಕೂಸನ್ನು ಮಲಗಿಸದೆ, ನೆಟ್ಟಗೆ ಕೂಡಿಸಿಕೊಂಡು, ತಲೆಯ ಹಿಂದೆ ಅಂಗೈ ಇಟ್ಟು, ಒಳಲೆಯ ಮೂತಿಯನ್ನು ತುಟಿ ಕೂಡಿದ್ದ ಮಗ್ಗುಲಿಗೆ ತಾಗಿಸಿದರು. ಮೊದಲ ಹನಿ ಮೂಗಿನಿಂದ ಹೊರಬಂತು. ಕೂಸು ಕೆಮ್ಮಿತು. ರೇಣುಕಾ ಸೆರಗು ಕಚ್ಚಿಕೊಂಡಳು. ಎರಡನೆಯದೂ ಹೊರಬಂತು. ಗಂಗವ್ವ ಒಳಲೆಯನ್ನು ಹಿಂದಕ್ಕೆಳೆದು, "ಒಲ್ಲೆ ಅಂತೈತಿ, ಅದರಂಗನ ಒಲ್ಲೆ ಅಂತೈತಿ" ಎಂದು ತೊದಲತೊಡಗಿದರು.

"ಸಾವಕಾಶ," ಎಂದರು ಮೇಡಂ. "ಮಾತಾಡಬ್ಯಾಡ್ರಿ. ಅದು ಕೆಲಸದಾಗ ಅದ."

ಮತ್ತೊಂದು ಹನಿ. ಕೂಸಿನ ಗಂಟಲು ಮೇಲೆದ್ದು ಇಳಿಯಿತು. ಇನ್ನೊಂದು. ಮತ್ತೆ ಇಳಿಯಿತು. ನುಂಗುವ ಆ ಸಣ್ಣ ಸದ್ದು ಟ್ಯಾಂಕರಿನ ಹಾರ್ನಿನ ನಡುವೆಯೂ ಖೋಲಿಯ ಎಲ್ಲರಿಗೂ ಕೇಳಿಸಿತು.

ಮಧ್ಯಾಹ್ನವೇ ಟ್ಯಾಕ್ಸಿ ಹಿಡಿದು ಕೂಸನ್ನು ಆಸ್ಪತ್ರೆಗೆ ಒಯ್ದೆವು. ಮೊದಲು ತೂಕ ಬರಲಿ, ತುಟಿ ಆಮೇಲೆ ಕೂಡಿಸೋಣ ಎಂದರು ವೈದ್ಯರು, ಹಾಗೆಯೇ ಆಯಿತು. ಕೆಲವು ತಿಂಗಳ ನಂತರ ಶಸ್ತ್ರಕ್ರಿಯೆ ನಡೆದು, ಆ ಹುಡುಗಿ ಈಗ ಮೂಗಿನ ಕೆಳಗೆ ತೆಳ್ಳನೆಯ ಗೆರೆಯೊಂದನ್ನಿಟ್ಟುಕೊಂಡು ಇಡೀ ಚಾಳಿಗೆ ಕೇಳುವಂತೆ ಜಗಳವಾಡುತ್ತಾಳೆ. ಗಂಗವ್ವ ಊರದೇವರ ಹರಕೆಯನ್ನು ಬಿಡಲಿಲ್ಲ, ಮುಂದಕ್ಕೆ ಹಾಕಿದರು. ಮೇಡಂ ಅದಕ್ಕೆ ಚಕಾರವೆತ್ತಲಿಲ್ಲ.

ಆಸ್ಪತ್ರೆಯ ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಸಿಟ್ಟು ಕಟ್ಟೆಯೊಡೆಯಿತು. "ಐದನೆಯ ತಿಂಗಳ ಮಾತನ್ನು ಯಾಕೆ ತಡೆದಿರಿ? ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು."

"ರೇಣುಕಾಂದು ಮುಗೀತಿತ್ತು," ಎಂದರು. "ಅಡಗಿಕಟ್ಟಿ ಹಂತೇಕ ನಿಂತಿದ್ದಳಲ್ಲ, ಅಕಿಂದು?"

"ಸುವರ್ಣಾ? ಅವಳದೇನು?"

"ಹಾಲು ಕಾಯೂ ವಾಸನಿಗೆ ಮೂಗು ಮುಚ್ಚಿಕೊಂಡಿದ್ದಳು. ಅಕಿಗೆ ದಿನಾ ಹೋಗ್ಯಾವ, ಬಸಿರು, ಎರಡನೇ ತಿಂಗಳಿರಬೇಕು. ಮೂರು ತಿಂಗಳು ತುಂಬೂತನಕ ಬಾಯಿ ಬಿಡಬಾರದಂತ ಯಾರಿಗೂ ಹೇಳಿಲ್ಲ. ಮುಂದಿನ ವಾರ ಮತ್ತ ಗ್ರಹಣ ಅದ. ಕ್ಯಾಲೆಂಡರಿಗೆ ಕುಂಕುಮಾ ಹಚ್ಚ್ಯಾರ. ನೀ ಏನ್ ಹೇಳಲಿಕ್ಕೆ ಹೊಂಟಿದ್ದಿ? ತುಟಿ ಕೂಡೂದು ಎರಡನೇ ತಿಂಗಳಾಗ, ಅದಕ್ಕ ಐದನೇ ತಿಂಗಳ ಗ್ರಹಣದ್ದು ತಪ್ಪಿಲ್ಲ. ಅಕಿ ಕಿವಿಗೆ ಅದು ಹೆಂಗ ಕೇಳತಿತ್ತು? ಎರಡನೇ ತಿಂಗಳ ಗ್ರಹಣದ್ದು ತಪ್ಪದ ಅಂತ."

ನಾನು ಬೆರಳು ಮಡಚಿ ತಿಂಗಳು ಎಣಿಸಿ ನೋಡಿದೆ.

"ತಿಂಗಳಾ ತೋರಿಸಿ ಒಬ್ಬಾಕಿನ್ನ ಬಿಡಿಸಿಕೊಂಡರ, ಆ ತಿಂಗಳದಾಗ ಇನ್ನೊಬ್ಬಾಕಿ ಸಿಕ್ಕಿಬೀಳತಾಳ," ಎಂದರು. "ಗಂಗವ್ವಂದು ಎಷ್ಟನೇ ತಿಂಗಳಿತ್ತೋ, ಯಾರಿಗೆ ಗೊತ್ತು? ಮೂರೂ ಮಂದಿ ಹೊರಗ ಬರೂ ಬಾಗಲಾ ಒಂದ ಇತ್ತು, ಇದು ಕೊಯ್ದದ್ದ ಅಲ್ಲ ಅನ್ನೂದು. ಅದು ಸಿಗೂತನಕ ನಿನ್ನ ಕೈ ಹಿಡಕೊಂಡು ಕುಂತಿದ್ದೆ. ಸಿಗತದ ಅಂತ ನನಗೂ ಖಾತ್ರಿ ಇರಲಿಲ್ಲ."

ಮರುವಾರದ ಗ್ರಹಣಕ್ಕೆ ನಮ್ಮ ಸಂಘದಲ್ಲಿ ಒಂದು ಕಾರ್ಯಕ್ರಮವಿಟ್ಟಿದ್ದೆ: ಗ್ರಹಣ ಹಿಡಿದ ಹೊತ್ತಿನಲ್ಲೇ ಗರ್ಭಿಣಿಯರೊಡನೆ ಹಣ್ಣು ಹೆಚ್ಚಿ ತಿನ್ನುವುದು. ಸುವರ್ಣಾಳನ್ನು ವೇದಿಕೆಗೆ ಕರೆತಂದರೆ ಎಂಥ ಪರಿಣಾಮವಾದೀತೆಂದು ಉತ್ಸಾಹದಿಂದ ಹೇಳಿದೆ. "ಅಕಿ ಹೊಟ್ಟಿ ನಿನ್ನ ವೇದಿಕಿ ಅಲ್ಲ," ಎಂದರು. ಕಾರ್ಯಕ್ರಮವನ್ನು ಇತರರಿಗೆ ಒಪ್ಪಿಸಿ ನಾನು ಅವರೊಡನೆ ಚಾಳಿಗೆ ಹೋದೆ.

ಭಯಕ್ಕೆ ಸುವರ್ಣಾ ತಾನೇ ಅತ್ತೆಗೆ ವಿಷಯ ಹೇಳಿಬಿಟ್ಟಿದ್ದಳು. ಕಿಟಕಿ ಮುಚ್ಚಿ, ಚಾದರ ತೂಗುಹಾಕಿ, ಅವಳನ್ನು ಕಡ್ಡಿಯಂತೆ ನೆಟ್ಟಗೆ ಮಲಗಿಸಿದ್ದರು. ಬೆಳಗಿನಿಂದ ವಾಂತಿ, ಹೊಟ್ಟೆಗೆ ಗುಟುಕು ನೀರೂ ಇಲ್ಲ. ಮೇಡಂ ಚಾದರ ಕೀಳಲಿಲ್ಲ. ಚಾಕು ಕೊಡಲಿಲ್ಲ. ಪಕ್ಕದಲ್ಲಿ ಕೂತು, "ಕೊಯ್ಯೂದು ಬ್ಯಾಡ ಅಂದ್ರ ಬಿಡ್ರಿ, ಯಾರೂ ಕೊಯ್ಯಬ್ಯಾಡ್ರಿ. ಆದರ ನೀರು ಕುಡೀಬೇಕು," ಎಂದರು.

ಗಂಗವ್ವ ಹೊಸ್ತಿಲಲ್ಲಿ ನಿಂತೇ ಇದ್ದರು. "ಗ್ರಹಣ ಬಿಡೂತನಕ ಬಾಯಾಗ ಏನೂ ಹಾಕಬಾರದ್ರಿ."

"ಒಳಗಿಂದು ಕೆಲಸಾ ನಿಲ್ಲಿಸಿಲ್ಲ ಗಂಗವ್ವಾ. ಅದಕ್ಕ ಗ್ರಹಣ ಹಿಡದದ್ದು ತಿಳಿಯೂದಿಲ್ಲ, ತಾಯಿ ಉಪವಾಸ ಇದ್ದದ್ದು ತಿಳೀತದ."

ಗಂಗವ್ವ ಅಡುಗೆಕಟ್ಟೆಗೆ ಹೋದರು. ಬಂದಾಗ ಕೈಯಲ್ಲಿ ಉಪ್ಪು ಹಾಕಿದ ಮಜ್ಜಿಗೆಯ ತಂಬಿಗೆ. ಅದರಲ್ಲಿ ತುಳಸಿ ತೇಲುತ್ತಿತ್ತು. ಸುವರ್ಣಾ ಎದ್ದು ಕುಡಿದಳು. ಕುಡಿದು, ಮೇಡಂ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಅಕ್ಕಾರ, ನನ್ನ ಕೂಸಿಗೆ ಹಂಗ ಆಗೂದಿಲ್ಲಲ್ರಿ? ಆಗೂದಿಲ್ಲ ಅನ್ರಿ."

ಅನ್ನಬಹುದಿತ್ತು. ಆ ಕತ್ತಲೆಯಲ್ಲಿ ಆ ಹುಡುಗಿಗೆ ಬೇಕಿದ್ದದ್ದು ಅದೊಂದೇ ಮಾತು, ನಾನಾಗಿದ್ದರೆ ಅಂದೇಬಿಡುತ್ತಿದ್ದೆ. ಆದರೆ ಗಂಗವ್ವನ ಚೊಚ್ಚಲ ಕೂಸು, ಈಗ ರೇಣುಕಾಳದು. ಆ ಮನೆತನದಲ್ಲಿ ಅದು ಮತ್ತೆ ಬರಬಹುದೆಂದು ಅವರಿಗೆ ತಿಳಿದಿತ್ತು.

"ಹಂಗ ಮಾತು ಕೊಡಲಿಕ್ಕೆ ಬರೂದಿಲ್ಲ ತಂಗಿ," ಎಂದರು. "ಆಗಬಹುದು, ಆಗದ ಇರಬಹುದು. ಆದರ ಏನ ಆದರೂ ಅದು ನಿನ್ನ ಕೈಲೆ ಆಗಿರೂದಿಲ್ಲ. ಆ ಮಾತು ಕೊಡತೇನಿ. ನಿಮ್ಮ ಅತ್ತಿ ಎದುರಿಗೆ ಕೊಡತೇನಿ." ಆಮೇಲೆ ಗಂಗವ್ವನ ಕಡೆ: "ಮೂರು ತಿಂಗಳು ತುಂಬಲಿ ಅಂತ ಕಾಯಬ್ಯಾಡ್ರಿ. ನಾಳೆ ದವಾಖಾನಿಗೆ ಕರಕೊಂಡು ಹೋಗೂಣು. ಕೂಸಿನ ದೊಡ್ಡ ಕೆಲಸೆಲ್ಲಾ ಈ ಮೂರು ತಿಂಗಳದಾಗ ಆಗತದ."

ಸುವರ್ಣಾ ಅಳುತ್ತಲೇ ಇದ್ದಳು. ಗಂಗವ್ವ ಬಂದು ಅವಳ ಇನ್ನೊಂದು ಪಕ್ಕ ಕೂತರು. ಗ್ರಹಣ ಬಿಡುವವರೆಗೆ ಮೂವರೂ ಹಾಗೆಯೇ ಕೂತಿದ್ದರು, ನಾನು ಹೊಸ್ತಿಲಲ್ಲಿದ್ದೆ.

ಸುವರ್ಣಾಳ ಕೂಸು ಹೇಗೆ ಹುಟ್ಟಿತೆಂದು ನನಗೆ ಗೊತ್ತು. ಆದರೆ ಇಲ್ಲಿ ಬರೆಯುವುದಿಲ್ಲ. ತುಟಿ ಕೂಡಿತ್ತೆಂದು ಬರೆದರೆ ಗ್ರಹಣ ಸೋತಿತೆಂದು ನೀವು ಓದುತ್ತೀರಿ. ಕೂಡಿರಲಿಲ್ಲವೆಂದು ಬರೆದರೆ ಗೆದ್ದಿತೆಂದು ಓದುತ್ತೀರಿ. ಅವರು ಆ ಖೋಲಿಯಲ್ಲಿ ಕೊಟ್ಟ ಮಾತು ಕೂಸಿನ ತುಟಿಯ ಮೇಲೆ ನಿಂತಿರಲಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ಅದು ಸುವರ್ಣಾಳ ಕೈಯಿಂದ ಆದದ್ದಲ್ಲ.

ನಿಮ್ಮಲ್ಲಿ ಒಂದೇ ವಿನಂತಿ. ನಿಮ್ಮ ಚಾಳಿನಲ್ಲೋ ಬಿಲ್ಡಿಂಗಿನಲ್ಲೋ ತುಟಿ ಕೂಡದ ಕೂಸೊಂದು ಹುಟ್ಟಿದರೆ, ಬಸಿರಿನಲ್ಲಿ ಏನು ಮಾಡಿದ್ದೆ ಎಂದು ಅದರ ತಾಯಿಯನ್ನು ಕೇಳಬೇಡಿ. ಕೂಸು ಹಾಲು ಕುಡಿಯಿತೇ ಎಂದು ಕೇಳಿ. ಇಲ್ಲವೆಂದರೆ ಅಂದೇ, ಆಗಲೇ, ಅವರ ಜೊತೆ ಆಸ್ಪತ್ರೆಗೆ ಹೋಗಿ.